ಉಸಿರಿನ ಲೆಕ್ಕ: ತೂಕ ಇಳಿಸುವ ಆಪರೇಷನ್‌ಗೆ ಮುಂಚಿನ ಚಯಾಪಚಯ ಪರೀಕ್ಷೆ

ಪ್ರಥಮ ಪಿಯುಸಿ ಜೀವಶಾಸ್ತ್ರದ ‘ಸಸ್ಯಗಳಲ್ಲಿ ಉಸಿರಾಟ’ ಪಾಠದ ಕೊನೆಯಲ್ಲಿ ಒಂದು ಸಣ್ಣ ಭಾಗವಿದೆ. ಅದರಲ್ಲಿ ಬರುವುದು ಉಸಿರಾಟದ ಅನುಪಾತ, ಅಂದರೆ ಆರ್‌ಕ್ಯೂ. ಹೊರಬಂದ ಇಂಗಾಲದ ಡೈಆಕ್ಸೈಡನ್ನು ಬಳಕೆಯಾದ ಆಮ್ಲಜನಕದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ಪಿಷ್ಟಕ್ಕೆ 1, ಕೊಬ್ಬಿಗೆ 0.7, ಪ್ರೋಟೀನ್‌ಗೆ ಸುಮಾರು 0.9 ಎಂದು ಬಾಯಿಪಾಠ ಮಾಡಿ, ಎರಡು ಅಂಕಕ್ಕೆ ಸಾಕು ಎಂದು ನಮ್ಮ ವಿದ್ಯಾರ್ಥಿಗಳು ಮುಂದಿನ ಪಾಠಕ್ಕೆ ಹೋಗುತ್ತಾರೆ. ಜೀವಶಾಸ್ತ್ರ ಕಲಿಸುವ ನನಗೆ ಆ ಭಾಗದ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ. ಏಕೆಂದರೆ ಇದೇ ಲೆಕ್ಕವನ್ನು ಆಸ್ಪತ್ರೆಯಲ್ಲಿ ಮಂಚದ ಮೇಲೆ ಮಲಗಿರುವ ಮನುಷ್ಯರ ಮೇಲೆ ಮಾಡುತ್ತಾರೆ. ಅದರ ಉತ್ತರ ಒಬ್ಬರ ಆಹಾರ, ಔಷಧ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯ ದಿನಾಂಕವನ್ನೂ ಬದಲಿಸುತ್ತದೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುಂಚೆ ನಡೆಯುವ ಚಯಾಪಚಯ ಪರೀಕ್ಷೆಗಳನ್ನು ನಮ್ಮ ಪಠ್ಯದ ಮೂಲಕವೇ ಅರ್ಥ ಮಾಡಿಕೊಳ್ಳೋಣ.

ಯಾರಿಗೆ ಈ ಶಸ್ತ್ರಚಿಕಿತ್ಸೆ?

ತೂಕವನ್ನು ಕಿಲೋಗ್ರಾಂನಲ್ಲಿ ತೆಗೆದುಕೊಂಡು, ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಒಂದು ಮಿತಿ ಹಾಕಿತು: ಬಿಎಂಐ 40 ದಾಟಿದವರಿಗೆ, ಅಥವಾ 35 ದಾಟಿ ಜೊತೆಗೆ ಗಂಭೀರ ಕಾಯಿಲೆ ಇರುವವರಿಗೆ ಶಸ್ತ್ರಚಿಕಿತ್ಸೆ. ಆದರೆ ಭಾರತೀಯರಿಗೆ ಅದೇ ಬಿಎಂಐನಲ್ಲಿ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು, ಸಕ್ಕರೆ ಕಾಯಿಲೆಯೂ ಬೇಗ. ಆದ್ದರಿಂದ ನಮ್ಮಲ್ಲಿ ಬಹುಕಾಲ ಬಳಕೆಯಲ್ಲಿದ್ದ ಮಿತಿ 37.5, ಕಾಯಿಲೆ ಇದ್ದರೆ 32.5. 2022ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ ಇದನ್ನು 27.5ರವರೆಗೂ ಇಳಿಸಿದೆ.

ಹೆಚ್ಚು ನಡೆಯುವ ಶಸ್ತ್ರಚಿಕಿತ್ಸೆಗಳು ಎರಡು. ‘ಸ್ಲೀವ್’ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗದಷ್ಟನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆ ಮಾಡುತ್ತಾರೆ. ‘ಬೈಪಾಸ್’ ವಿಧಾನದಲ್ಲಿ ಜಠರದ ಮೇಲ್ಭಾಗದ ಪುಟ್ಟ ಚೀಲವನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಜಠರ ಸಣ್ಣದಾಗುವುದಷ್ಟೇ ಇದರ ಗುಟ್ಟಲ್ಲ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದ ‘ಗ್ರೆಲಿನ್’ ಎಂಬ ಹಸಿವಿನ ಹಾರ್ಮೋನು ಮುಖ್ಯವಾಗಿ ಜಠರದ ಮೇಲ್ಭಾಗದಲ್ಲೇ ತಯಾರಾಗುತ್ತದೆ. ಸ್ಲೀವ್‌ನಲ್ಲಿ ಆ ಭಾಗವೇ ಹೋಗುತ್ತದೆ. ಹೀಗೆ ದೇಹದ ಇಡೀ ರಾಸಾಯನಿಕ ವ್ಯವಹಾರ ಬದಲಾಗುವುದರಿಂದಲೇ ಇದನ್ನು ಈಗ ಚಯಾಪಚಯ ಶಸ್ತ್ರಚಿಕಿತ್ಸೆ ಎಂದೂ ಕರೆಯುತ್ತಾರೆ. ವ್ಯವಹಾರ ಬದಲಿಸುವ ಮುಂಚೆ ಹಳೆಯ ಖಾತೆ ನೋಡಬೇಕಲ್ಲವೇ? ಪರೀಕ್ಷೆಗಳ ಕೆಲಸ ಅದೇ.

ಒಂದು ಗಿನಿಯಿಲಿಯಿಂದ ಆರಂಭ

ಉಸಿರಿಗೂ ಶಾಖಕ್ಕೂ ನಂಟಿದೆ ಎಂಬುದು ಹಳೆಯ ಅನುಮಾನ. ಬಲ ಹೃತ್ಕುಕ್ಷಿಯ ರಕ್ತ ಶ್ವಾಸಕೋಶಕ್ಕೆ ಹೋಗಿ, ಗಾಳಿಯೊಂದಿಗೆ ಬೆರೆತು ಎಡಭಾಗಕ್ಕೆ ಬರುತ್ತದೆ ಎಂದು 13ನೇ ಶತಮಾನದಲ್ಲೇ ಬರೆದವರು ಕೈರೋದ ವೈದ್ಯ ಇಬ್ನುನ್ನಫೀಸ್. ಆ ಗಾಳಿ ಏನು ಮಾಡುತ್ತದೆ ಎಂಬುದನ್ನು ಅಳತೆಗೆ ತಂದವರು ಫ್ರಾನ್ಸಿನ ಲಾವೊಸಿಯೆ ಮತ್ತು ಲಾಪ್ಲಾಸ್. 1782–83ರ ಚಳಿಗಾಲದಲ್ಲಿ ಅವರು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಒಂದು ಗಿನಿಯಿಲಿಯನ್ನು ಇಟ್ಟರು. ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು, ಅದು ಎಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟಿತು ಎಂದು ಲೆಕ್ಕ ಹಾಕಿದರು. ಉಸಿರಾಟವೂ ಒಂದು ನಿಧಾನದ ಉರಿಯುವಿಕೆ ಎಂಬ ತೀರ್ಮಾನಕ್ಕೆ ಬಂದರು. ಕರಗಿದ ಮಂಜಿನಿಂದ ಶಾಖವನ್ನೇ ಅಳೆಯುವುದು ನೇರ ಕ್ಯಾಲರಿಮಾಪನ. ಅನಿಲಗಳನ್ನು ಅಳೆದು ಶಾಖವನ್ನು ಲೆಕ್ಕ ಹಾಕುವುದು ಪರೋಕ್ಷ ಕ್ಯಾಲರಿಮಾಪನ. ಆಸ್ಪತ್ರೆಯಲ್ಲಿರುವುದು ಎರಡನೆಯದು.

ಪರೀಕ್ಷೆ ಹೇಗೆ ನಡೆಯುತ್ತದೆ?

ರಾತ್ರಿಯಿಡೀ ಏನೂ ತಿನ್ನದೆ ಬೆಳಿಗ್ಗೆ ಬರಬೇಕು. ಚಹಾ, ಕಾಫಿ, ಸಿಗರೇಟು ಬೇಡ. ಹಿಂದಿನ ದಿನ ಭಾರೀ ವ್ಯಾಯಾಮವೂ ಬೇಡ. ಬಂದವರು ಮೊದಲು ಅರ್ಧ ಗಂಟೆ ಸುಮ್ಮನೆ ಮಲಗಬೇಕು, ಆದರೆ ನಿದ್ದೆ ಹೋಗಬಾರದು. ಆಮೇಲೆ ತಲೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಗುಮ್ಮಟವೊಂದನ್ನು ಇಡುತ್ತಾರೆ. ಅದರೊಳಗಿನ ಗಾಳಿಯನ್ನು ಪಂಪು ಎಳೆದು ಯಂತ್ರಕ್ಕೆ ಕೊಡುತ್ತದೆ. ಒಳಹೋದ ಗಾಳಿಗೂ ಹೊರಬಂದ ಗಾಳಿಗೂ ಇರುವ ವ್ಯತ್ಯಾಸವನ್ನು ಯಂತ್ರ ಅಳೆಯುತ್ತದೆ. ಮೊದಲ ಐದು ನಿಮಿಷದ ಅಂಕಿಗಳನ್ನು ಬಿಟ್ಟುಬಿಡುತ್ತಾರೆ, ಏಕೆಂದರೆ ಆಗ ಮನಸ್ಸಿನ ಗಾಬರಿ ಇನ್ನೂ ಇಳಿದಿರುವುದಿಲ್ಲ. ಅನಂತರ ಅಂಕಿಗಳು ಹೆಚ್ಚು ಏರಿಳಿಯದೆ ನಿಂತ ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸೂಜಿಯಿಲ್ಲ, ನೋವಿಲ್ಲ.

ಹೀಗೆ ಸಿಗುವುದು ವಿಶ್ರಾಂತಿಯ ಚಯಾಪಚಯ ದರ. ನಾವು ಏನೂ ಮಾಡದೆ ಮಲಗಿದ್ದರೂ ಹೃದಯ ಬಡಿಯುತ್ತದೆ, ಯಕೃತ್ತು ದುಡಿಯುತ್ತದೆ, ಮೂತ್ರಪಿಂಡ ಸೋಸುತ್ತದೆ, ಮೆದುಳು ಎಚ್ಚರವಾಗಿರುತ್ತದೆ. ಹೆಚ್ಚಿನವರಲ್ಲಿ ದಿನದ ಒಟ್ಟು ಖರ್ಚಿನ ಶೇಕಡ 60ರಿಂದ 70ರಷ್ಟು ಇದಕ್ಕೇ ಹೋಗುತ್ತದೆ. ತಿಂದದ್ದನ್ನು ಜೀರ್ಣಿಸಲು ಸುಮಾರು ಶೇಕಡ 10. ಓಡಾಟ, ಕೆಲಸ, ಆಟಕ್ಕೆ ಉಳಿದದ್ದು.

ಅನಿಲದಿಂದ ಕ್ಯಾಲರಿಗೆ

ಒಂದು ಗ್ಲೂಕೋಸ್ ಅಣು ಪೂರ್ತಿ ಉರಿಯಲು 6 ಆಮ್ಲಜನಕ ಅಣು ಬೇಕು, ಹೊರಬರುವುದು 6 ಇಂಗಾಲದ ಡೈಆಕ್ಸೈಡ್ ಅಣು. ಆರು ಭಾಗಿಸು ಆರು, ಉತ್ತರ 1. ಟ್ರೈಪಾಮಿಟಿನ್ ಎಂಬ ಕೊಬ್ಬಿನ 2 ಅಣುಗಳಿಗೆ 145 ಆಮ್ಲಜನಕ ಬೇಕು, ಬರುವುದು 102 ಇಂಗಾಲದ ಡೈಆಕ್ಸೈಡ್. ಭಾಗಿಸಿದರೆ 0.7. ಕೊಬ್ಬಿನ ಅಣುವಿನಲ್ಲಿ ಸ್ವಂತ ಆಮ್ಲಜನಕ ಕಡಿಮೆ, ಆದ್ದರಿಂದ ಹೊರಗಿನಿಂದ ಹೆಚ್ಚು ಬೇಕು. ಅಂದರೆ ಉಸಿರನ್ನು ಅಳೆದರೆ, ದೇಹ ಆ ಹೊತ್ತಿನಲ್ಲಿ ಯಾವ ಸೌದೆ ಉರಿಸುತ್ತಿದೆ ಎಂದು ತಿಳಿಯುತ್ತದೆ.

ರಂಜಾನ್ ತಿಂಗಳಲ್ಲಿ ಇದು ನಮ್ಮ ಮೈಯಲ್ಲೇ ನಡೆಯುವ ಪಾಠ. ಸಹರಿಯ ಊಟದ ಬಳಿಕ ಆರ್‌ಕ್ಯೂ ಮೇಲಿರುತ್ತದೆ. ಹೊತ್ತು ಏರಿದಂತೆ ಯಕೃತ್ತಿನ ಗ್ಲೈಕೋಜೆನ್ ಕರಗಿ, ಕೊಬ್ಬಿನ ಪಾಲು ಹೆಚ್ಚಾಗಿ, ಸಂಜೆಗೆ ಅದು 0.7ರ ಕಡೆಗೆ ಇಳಿಯುತ್ತದೆ. ಇಫ್ತಾರ್‌ನ ಖರ್ಜೂರ, ಶರಬತ್ತು ಒಳಹೋದ ಮೇಲೆ ಮತ್ತೆ ಏರುತ್ತದೆ. ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನುವುದು ಈ ಕಾರಣಕ್ಕೇ. ಮುಂಚೆ ತಿಂದಿದ್ದರೆ ಅಳತೆ ಊಟದ್ದಾಗುತ್ತದೆ, ವಿಶ್ರಾಂತಿಯದ್ದಲ್ಲ.

ಈಗ ಸೂತ್ರ. 1949ರಲ್ಲಿ ವಿಯರ್ ಎಂಬ ವಿಜ್ಞಾನಿ ಒಂದು ಸರಳ ಸಮೀಕರಣ ಕೊಟ್ಟರು. ನಿಮಿಷಕ್ಕೆ ಬಳಸಿದ ಆಮ್ಲಜನಕವನ್ನು ಮಿಲಿಲೀಟರಿನಲ್ಲಿ ತೆಗೆದುಕೊಂಡು 3.941ರಿಂದ ಗುಣಿಸಿ. ನಿಮಿಷಕ್ಕೆ ಬಿಟ್ಟ ಇಂಗಾಲದ ಡೈಆಕ್ಸೈಡನ್ನು 1.106ರಿಂದ ಗುಣಿಸಿ. ಎರಡನ್ನೂ ಕೂಡಿಸಿ 1.44ರಿಂದ ಗುಣಿಸಿದರೆ ದಿನಕ್ಕೆ ಎಷ್ಟು ಕಿಲೋಕ್ಯಾಲರಿ ಎಂದು ಸಿಗುತ್ತದೆ. 1.44 ಎಲ್ಲಿಂದ ಬಂತು? ದಿನಕ್ಕೆ 1440 ನಿಮಿಷ, ಲೀಟರಿಗೆ 1000 ಮಿಲಿಲೀಟರ್. ಅಷ್ಟೇ.

ನನ್ನ ಅಕ್ಕನ ಲೆಕ್ಕ

ಸೂತ್ರವನ್ನು ನಿಜವಾದ ಅಂಕಿಗಳಿಗೆ ಹಚ್ಚೋಣ. ಇವು ನನ್ನ ಅಕ್ಕನವು. ಮನೆಯಲ್ಲಿ ನಾವು ಆಪಾ ಎನ್ನುತ್ತೇವೆ. ‘ಮಕ್ಕಳಿಗೆ ಉಪಯೋಗವಾಗುವುದಾದರೆ ಬರಿ’ ಎಂದು ಆಪಾ ಒಪ್ಪಿಗೆ ಕೊಟ್ಟ ಮೇಲೆಯೇ ಬರೆಯುತ್ತಿದ್ದೇನೆ. ಪರೀಕ್ಷೆಯ ಹೊತ್ತಿಗೆ ಅವರಿಗೆ 40 ವರ್ಷ, ತೂಕ 110 ಕಿಲೋ, ಎತ್ತರ 160 ಸೆಂಟಿಮೀಟರ್. ಬಿಎಂಐ 43.

ಯಂತ್ರವಿಲ್ಲದ ಕಡೆ ವಯಸ್ಸು, ಎತ್ತರ, ತೂಕದಿಂದ ದರವನ್ನು ಅಂದಾಜಿಸುತ್ತಾರೆ. 1919ರ ಹ್ಯಾರಿಸ್–ಬೆನೆಡಿಕ್ಟ್ ಸೂತ್ರ ಹಳೆಯದು, 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಈಗ ಹೆಚ್ಚು ಬಳಕೆಯಲ್ಲಿದೆ. ಎರಡನೆಯದರ ಪ್ರಕಾರ ಹೆಂಗಸರಿಗೆ: ತೂಕದ 10 ಪಟ್ಟು, ಕೂಡಿಸು ಎತ್ತರದ 6.25 ಪಟ್ಟು, ಕಳೆ ವಯಸ್ಸಿನ 5 ಪಟ್ಟು, ಕಳೆ 161. ಆಪಾಗೆ 1100 + 1000 − 200 − 161, ಅಂದರೆ 1739 ಕಿಲೋಕ್ಯಾಲರಿ.

ಯಂತ್ರ ಅಳೆದದ್ದು: ನಿಮಿಷಕ್ಕೆ ಆಮ್ಲಜನಕ 215 ಮಿಲಿಲೀಟರ್, ಇಂಗಾಲದ ಡೈಆಕ್ಸೈಡ್ 172 ಮಿಲಿಲೀಟರ್. ಆರ್‌ಕ್ಯೂ 0.8. ಖಾಲಿ ಹೊಟ್ಟೆಗೆ ಸರಿಯಾದ ಸಂಖ್ಯೆ, ಪರೀಕ್ಷೆ ನಂಬಬಹುದು. ವಿಯರ್ ಸೂತ್ರಕ್ಕೆ ಹಾಕಿದರೆ 847.3 + 190.2 = 1037.5. ಅದನ್ನು 1.44ರಿಂದ ಗುಣಿಸಿದರೆ 1494 ಕಿಲೋಕ್ಯಾಲರಿ. ಅಂದಾಜಿಗಿಂತ 245 ಕಡಿಮೆ.

ದಿನಕ್ಕೆ 245 ಎಂದರೆ ಏನಾಯಿತು ಎನ್ನಬೇಡಿ. ಆಪಾ ಹೆಚ್ಚು ಓಡಾಟವಿಲ್ಲದವರು. ಅಂಥವರಿಗೆ ವಿಶ್ರಾಂತಿಯ ದರವನ್ನು 1.3ರಿಂದ ಗುಣಿಸಿದರೆ ದಿನದ ಒಟ್ಟು ಖರ್ಚು ಅಂದಾಜಾಗುತ್ತದೆ. ಸೂತ್ರದ ಪ್ರಕಾರ 2261. ಅದನ್ನು ನೋಡಿ ಅವರಿಗೆ ಮೊದಲು ಕೊಟ್ಟಿದ್ದ ಆಹಾರ ಪಟ್ಟಿ 1900 ಕಿಲೋಕ್ಯಾಲರಿಯದು. ದಿನಕ್ಕೆ 361ರ ಕೊರತೆ ಬೀಳಬೇಕಿತ್ತು. ಒಂದು ಕಿಲೋ ದೇಹದ ಕೊಬ್ಬಿಗೆ ಸುಮಾರು 7700 ಕಿಲೋಕ್ಯಾಲರಿ ಎಂದುಕೊಂಡರೆ ತಿಂಗಳಿಗೆ 1.4 ಕಿಲೋ ಇಳಿಯಬೇಕು. ಆದರೆ ಅಳೆದ ದರದ ಪ್ರಕಾರ ಅವರ ಒಟ್ಟು ಖರ್ಚು 1942 ಮಾತ್ರ. ನಿಜವಾದ ಕೊರತೆ ದಿನಕ್ಕೆ 42. ತಿಂಗಳಿಗೆ 160 ಗ್ರಾಂ. ಒಂದು ಲೋಟ ನೀರು ಕುಡಿದರೆ ತಕ್ಕಡಿಯಲ್ಲಿ ಅದೂ ಮುಚ್ಚಿಹೋಗುತ್ತದೆ.

ಪಟ್ಟಿ ಬಿಡದೆ ಪಾಲಿಸಿದ ಆರು ತಿಂಗಳು ಆಪಾಗೆ ಸಿಕ್ಕಿದ್ದು ಮಾತುಗಳು. ‘ರಾತ್ರಿ ಕದ್ದು ತಿನ್ನುತ್ತೀಯ’, ‘ಮದುವೆಮನೆಗೆ ಹೋದಾಗ ಬಾಯಿ ಕಟ್ಟಲಿಲ್ಲ’. ಸ್ವಂತದವರೇ ಆಡಿದ ಮಾತುಗಳು. ವರದಿ ಕೈಗೆ ಬಂದ ದಿನ ಅವರು ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು, ‘ಕಾಗದ ಆದರೂ ನನ್ನನ್ನು ನಂಬಿತು’ ಎಂದರು. ಬೇರೇನೂ ಹೇಳಲಿಲ್ಲ.

ಇದರಿಂದ ದಪ್ಪಗಿರುವವರೆಲ್ಲರ ಚಯಾಪಚಯ ನಿಧಾನ ಎಂದು ತಿಳಿಯಬಾರದು. ದೊಡ್ಡ ದೇಹದ ಒಟ್ಟು ಖರ್ಚು ಸಣ್ಣ ದೇಹಕ್ಕಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಸೂತ್ರ ಹೇಳುವುದು ಸರಾಸರಿಯನ್ನು. ಒಬ್ಬ ವ್ಯಕ್ತಿ ಆ ಸರಾಸರಿಯ ಮೇಲೂ ಇರಬಹುದು, ಕೆಳಗೂ ಇರಬಹುದು. ಅದನ್ನು ಹೇಳುವುದು ಅಳತೆ ಮಾತ್ರ.

ರಕ್ತ ಹೇಳುವ ಸಂಗತಿ

ಅನಿಲ ಪರೀಕ್ಷೆ ಎಲ್ಲ ಆಸ್ಪತ್ರೆಗಳಲ್ಲೂ ಇಲ್ಲ, ಎಲ್ಲೆಡೆ ಕಡ್ಡಾಯವೂ ಅಲ್ಲ. ಆದರೆ ರಕ್ತಪರೀಕ್ಷೆಗಳನ್ನು ಬಿಡುವಂತಿಲ್ಲ. ಮುಖ್ಯವಾದವನ್ನು ನಮ್ಮ ಪಾಠಗಳ ಜೊತೆ ಜೋಡಿಸಿ ನೋಡೋಣ.

ಎಚ್‌ಬಿಎ1ಸಿ: ರಕ್ತದ ಗ್ಲೂಕೋಸ್ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಅಂಟಿದ ಪ್ರಮಾಣ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. ಪರೀಕ್ಷೆಯ ಹಿಂದಿನ ದಿನ ಪಥ್ಯ ಮಾಡಿ ಇದನ್ನು ಮೋಸ ಮಾಡಲಾಗದು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಯುವುದು ನಿಧಾನ, ಸೋಂಕಿನ ಭಯ ಹೆಚ್ಚು.

ಸಿ-ಪೆಪ್ಟೈಡ್: ದ್ವಿತೀಯ ಪಿಯುಸಿಯ ಜೈವಿಕ ತಂತ್ರಜ್ಞಾನದ ಪಾಠದಲ್ಲಿ ಪ್ರೋಇನ್ಸುಲಿನ್ ಚಿತ್ರವಿದೆ. ಎ ಮತ್ತು ಬಿ ಸರಪಳಿಗಳು ಉಳಿದು, ನಡುವಿನ ಸಿ-ಪೆಪ್ಟೈಡ್ ಕತ್ತರಿಸಿಹೋಗುತ್ತದೆ. ಪಾಠದಲ್ಲಿ ಅದು ಬಿಸಾಡುವ ತುಂಡು, ವೈದ್ಯರಿಗೆ ಅದೇ ಸಾಕ್ಷಿ. ಇನ್ಸುಲಿನ್ ಚುಚ್ಚಿಕೊಳ್ಳುವವರ ರಕ್ತದಲ್ಲಿ ಇನ್ಸುಲಿನ್ ಅಳೆದರೆ ಯಾವುದು ಔಷಧದ್ದು, ಯಾವುದು ದೇಹದ್ದು ಎಂದು ಬೇರ್ಪಡಿಸುವುದು ಕಷ್ಟ. ಔಷಧದಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಆದ್ದರಿಂದ ಅದು ಎಷ್ಟಿದೆ ಎಂಬುದು ಮೇದೋಜೀರಕ ಗ್ರಂಥಿಯಲ್ಲಿ ಇನ್ನೂ ಎಷ್ಟು ಕಸುವಿದೆ ಎಂದು ಹೇಳುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಸಕ್ಕರೆ ಕಾಯಿಲೆ ಹತೋಟಿಗೆ ಬರುವ ಸಾಧ್ಯತೆಯನ್ನು ಅಂದಾಜಿಸಲು ತೈವಾನಿನ ವೈದ್ಯರು ವಯಸ್ಸು, ಬಿಎಂಐ, ಸಿ-ಪೆಪ್ಟೈಡ್ ಮತ್ತು ಕಾಯಿಲೆಯ ಅವಧಿ ಸೇರಿಸಿ ಒಂದು ಅಂಕಪಟ್ಟಿಯನ್ನೇ ಮಾಡಿದ್ದಾರೆ.

ಟಿಎಸ್‌ಎಚ್: ಥೈರಾಯಿಡ್ ಗ್ರಂಥಿ ಸೋಮಾರಿಯಾದರೆ ಚಯಾಪಚಯ ದರ ಇಳಿಯುತ್ತದೆ, ಪಿಟ್ಯೂಟರಿ ಟಿಎಸ್‌ಎಚ್ ಹೆಚ್ಚಿಸಿ ಅದನ್ನು ಎಬ್ಬಿಸಲು ನೋಡುತ್ತದೆ. ಕಾರ್ಟಿಸಾಲ್ ಅತಿಯಾಗಿ ತಯಾರಾಗುವ ಕುಶಿಂಗ್ ಕಾಯಿಲೆಯ ಲಕ್ಷಣ ಕಂಡರೆ ಅದನ್ನೂ ನೋಡುತ್ತಾರೆ. ಕಾಯಿಲೆಯ ಮೂಲ ಹಾರ್ಮೋನಿನಲ್ಲಿದ್ದಾಗ ಜಠರ ಕತ್ತರಿಸಿ ಪ್ರಯೋಜನವಿಲ್ಲ.

ಕಬ್ಬಿಣ, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ: ತೂಕ ಹೆಚ್ಚಿದ್ದವರಿಗೆ ಪೋಷಣೆಯೂ ಹೆಚ್ಚಿರುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಬಿ12 ಹೀರಿಕೆಗೆ ಬೇಕಾದ ಅಂಶವನ್ನು ಸ್ರವಿಸುವುದು ಜಠರದ ಗೋಡೆ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೆಯಾಗುವುದು ಸಣ್ಣಕರುಳಿನ ಆರಂಭದಲ್ಲಿ. ಶಸ್ತ್ರಚಿಕಿತ್ಸೆ ಮುಟ್ಟುವುದು ಈ ಜಾಗಗಳನ್ನೇ. ಮೊದಲೇ ಕೊರತೆ ಇದ್ದರೆ ಆಮೇಲೆ ಅದು ಇನ್ನೂ ಆಳಕ್ಕೆ ಹೋಗುತ್ತದೆ.

ಇವಲ್ಲದೆ ಕೊಬ್ಬಿನಂಶ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯ ತಪಾಸಣೆ ಇರುತ್ತವೆ. ಯಕೃತ್ತಿನಲ್ಲಿ ಕೊಬ್ಬು ತುಂಬಿ ಊದಿದ್ದರೆ ಅದು ಜಠರದ ಮೇಲೆ ಮಲಗಿ ಶಸ್ತ್ರವೈದ್ಯರ ದಾರಿಗೆ ಅಡ್ಡ ಬರುತ್ತದೆ. ಅದಕ್ಕೇ ಎರಡು ಮೂರು ವಾರ ಮುಂಚಿತವಾಗಿ ಕಡಿಮೆ ಕ್ಯಾಲರಿಯ ಆಹಾರ ಕೊಟ್ಟು ಯಕೃತ್ತನ್ನು ಕುಗ್ಗಿಸುತ್ತಾರೆ.

ಆಪಾಗೆ ಎಚ್‌ಬಿಎ1ಸಿ 9 ದಾಟಿತ್ತು, ಟಿಎಸ್‌ಎಚ್ ಹೆಚ್ಚಿತ್ತು, ಬಿ12 ಕಡಿಮೆಯಿತ್ತು. ಮಾಂಸ ಮೀನು ತಿನ್ನುವ ಮನೆಯಲ್ಲಿ ಬಿ12 ಕೊರತೆ ಹೇಗೆ ಎಂದು ನನಗೂ ಅನ್ನಿಸಿತು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಲ್ಲಿ ಬಿ12 ಹೀರಿಕೆ ಕುಗ್ಗುತ್ತದೆ ಎಂದು ವೈದ್ಯರು ವಿವರಿಸಿದರು. ಶಸ್ತ್ರಚಿಕಿತ್ಸೆ ಮೂರು ತಿಂಗಳು ಮುಂದಕ್ಕೆ ಹೋಯಿತು. ಆ ಮೂರು ತಿಂಗಳಲ್ಲಿ ಥೈರಾಯಿಡ್ ಮಾತ್ರೆ, ಬಿ12 ಚುಚ್ಚುಮದ್ದು, ಅಳೆದ ದರಕ್ಕೆ ತಕ್ಕ ಹೊಸ ಆಹಾರ ಪಟ್ಟಿ. ಥೈರಾಯಿಡ್ ಮಾತ್ರೆಯೊಂದರಿಂದ ತೂಕ ಇಳಿದುಬಿಡಲಿಲ್ಲ, ಹಾಗೆ ಇಳಿಯುವುದೂ ಇಲ್ಲ. ಆದರೆ ಸಕ್ಕರೆ ಹತೋಟಿಗೆ ಬಂತು, ಶಸ್ತ್ರಚಿಕಿತ್ಸೆ ತೊಡಕಿಲ್ಲದೆ ಮುಗಿಯಿತು. ಈಗ ಅವರಿಗೆ ದಿನವೂ ವಿಟಮಿನ್ ಮಾತ್ರೆ, ಗೊತ್ತಾದ ಅವಧಿಗೊಮ್ಮೆ ರಕ್ತಪರೀಕ್ಷೆ. ಇದು ಜೀವನಪೂರ್ತಿ. ಉಪವಾಸದ ವಿಷಯದಲ್ಲೂ ವೈದ್ಯರ ಮಾತನ್ನು ಕೇಳಿಯೇ ನಡೆಯುತ್ತಾರೆ. ಕಾಯಿಲೆಯವರಿಗೆ ನಮ್ಮ ಧರ್ಮವೇ ವಿನಾಯಿತಿ ಕೊಟ್ಟಿದೆಯಲ್ಲ.

ತೂಕ ಇಳಿದ ಮೇಲೆ

ತೂಕ ಇಳಿದಾಗ ವಿಶ್ರಾಂತಿಯ ದರವೂ ಇಳಿಯುತ್ತದೆ. ಸಣ್ಣ ದೇಹಕ್ಕೆ ಕಡಿಮೆ ಇಂಧನ ಸಾಕು, ಅದು ಸಹಜ. ಆದರೆ ದೇಹ ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕೈ ಬಿಗಿ ಮಾಡುತ್ತದೆ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಪಥ್ಯ, ವ್ಯಾಯಾಮಗಳಿಂದ ವೇಗವಾಗಿ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಅಳೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅವರ ವಿಶ್ರಾಂತಿಯ ದರ, ಆ ದೇಹಕ್ಕೆ ಇರಬೇಕಾದದ್ದಕ್ಕಿಂತ ಸರಾಸರಿ ಸುಮಾರು 500 ಕಿಲೋಕ್ಯಾಲರಿ ಕಡಿಮೆಯಿತ್ತು. ಮುಂಚಿನ ಅಳತೆ ಕೈಯಲ್ಲಿದ್ದರೆ ಮಾತ್ರ ಇಂಥ ಬದಲಾವಣೆ ತಿಳಿಯುತ್ತದೆ. ವಾರಕ್ಕೆ ಹತ್ತು ಕಿಲೋ ಇಳಿಸುತ್ತೇವೆ ಎಂಬ ಪುಡಿ, ಬೆಲ್ಟು, ಚಹಾಗಳ ಜಾಹೀರಾತನ್ನು ಮೊಬೈಲಿನಲ್ಲಿ ನೋಡುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ನಿಮ್ಮ ವಯಸ್ಸಿನಲ್ಲಿ ತೂಕದ ಚಿಂತೆ ಇದ್ದರೆ ಮೊದಲು ಮನೆಯವರ ಜೊತೆ ವೈದ್ಯರ ಬಳಿ ಹೋಗಿ.

ಇನ್ನೊಂದು ಮಾತು ತರಗತಿಯ ಬಗ್ಗೆ. ದಪ್ಪಗಿರುವ ಸಹಪಾಠಿಗೆ ಅಡ್ಡಹೆಸರಿಡುವುದು ನಮ್ಮ ಕಾರಿಡಾರಿನಲ್ಲೂ ನನ್ನ ಕಿವಿಗೆ ಬಿದ್ದಿದೆ. ಒಬ್ಬರ ಥೈರಾಯಿಡ್, ಒಬ್ಬರ ಇನ್ಸುಲಿನ್, ಒಬ್ಬರ ಉಸಿರಿನ ಅಳತೆ ಹೊರಗಿನಿಂದ ನೋಡಿದವರಿಗೆ ಕಾಣುವುದಿಲ್ಲ. ಅಳೆಯದೆ ತೀರ್ಪು ಕೊಡುವುದು ವಿಜ್ಞಾನವೂ ಅಲ್ಲ, ಒಳ್ಳೆಯ ನಡತೆಯೂ ಅಲ್ಲ.

ಅಭ್ಯಾಸಕ್ಕೆ

1. ಒಬ್ಬರು ನಿಮಿಷಕ್ಕೆ 240 ಮಿಲಿಲೀಟರ್ ಆಮ್ಲಜನಕ ಬಳಸಿ 204 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಆರ್‌ಕ್ಯೂ ಎಷ್ಟು? ದಿನದ ವಿಶ್ರಾಂತಿಯ ದರ ಎಷ್ಟು? (ಉತ್ತರ: 0.85, ಸುಮಾರು 1687 ಕಿಲೋಕ್ಯಾಲರಿ)

2. ಇಫ್ತಾರ್ ಆಗಿ ಒಂದು ಗಂಟೆಗೆ ಇದೇ ಪರೀಕ್ಷೆ ಮಾಡಿದರೆ ಆರ್‌ಕ್ಯೂ ಮತ್ತು ದರ ಎರಡೂ ಯಾವ ಕಡೆಗೆ ಬದಲಾಗುತ್ತವೆ? ಕಾರಣ ಕೊಡಿ.

3. ಇತ್ತೀಚೆಗೆ ಬಹಳ ರಕ್ತ ಕಳೆದುಕೊಂಡವರಲ್ಲಿ ಎಚ್‌ಬಿಎ1ಸಿ ಅಂಕಿಯನ್ನು ಹಾಗೆಯೇ ನಂಬಬಹುದೇ? ಕೆಂಪು ರಕ್ತಕಣದ ಆಯುಸ್ಸಿನ ಆಧಾರದಲ್ಲಿ ವಿವರಿಸಿ.

ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳ ಉತ್ತರವನ್ನು ಬರೆದು ಜೀವಶಾಸ್ತ್ರ ಪ್ರಯೋಗಾಲಯಕ್ಕೆ ತನ್ನಿ. ಕೂತು ಚರ್ಚಿಸೋಣ.